ಸೋಲುವ ತಂಡಕ್ಕೆ ಹೊಸ ಕೋಚ್ ಬಂದರೆ ಗೆಲುವು ಗ್ಯಾರಂಟಿಯೇ? ಅಮೆರಿಕದ ಕಾಲೇಜು ಫುಟ್‌ಬಾಲ್ ಲೆಕ್ಕ ಏನು ಹೇಳುತ್ತದೆ

ನಿಮ್ಮ ಫೋನಿಗೂ ಇಂಥದ್ದೊಂದು ಸಂದೇಶ ಬಂದಿರುತ್ತದೆ. ಒಂದು ತಂಡ ಸತತವಾಗಿ ಸೋಲುತ್ತಿದೆ, ಆಟಗಾರರು ಕುಗ್ಗಿಹೋಗಿದ್ದಾರೆ. ಆಗ ಹೊಸ ಕೋಚ್ ಬರುತ್ತಾರೆ, ಡ್ರೆಸ್ಸಿಂಗ್ ರೂಮಿನಲ್ಲಿ ನಾಲ್ಕು ಮಾತು ಹೇಳುತ್ತಾರೆ, ಮುಂದಿನ ವರ್ಷ ಅದೇ ತಂಡ ಚಾಂಪಿಯನ್. ಕೊನೆಗೆ ‘ನಿಮ್ಮ ಬದುಕಿನಲ್ಲೂ ಹೀಗೆಯೇ’ ಎಂಬ ಸಾಲು, ಪಕ್ಕದಲ್ಲಿ ಕೈ ಮುಗಿದ ಇಮೋಜಿ. ಓದಿದರೆ ಮೈ ಜುಮ್ಮೆನ್ನುತ್ತದೆ. ಮನೆಯ ಗ್ರೂಪಿಗೊಂದು, ಆಫೀಸಿನ ಗ್ರೂಪಿಗೊಂದು ಕಳಿಸಿಬಿಡುತ್ತೇವೆ.

ಈ ಕಥೆ ಪೂರ್ತಿ ಸುಳ್ಳು ಎಂದು ನಾವು ಹೇಳಲು ಹೊರಟಿಲ್ಲ. ಹೀಗೆ ಎದ್ದು ನಿಂತ ತಂಡಗಳು ನಿಜಕ್ಕೂ ಇವೆ, ಅಂಥದ್ದೊಂದರ ಹೆಸರು ಈ ಲೇಖನದಲ್ಲೇ ಬರುತ್ತದೆ. ನಮ್ಮ ಪ್ರಶ್ನೆ ಬೇರೆ. ತಂಡ ಸುಧಾರಿಸಿದ್ದು ಕೋಚ್ ಬದಲಾದ ಕಾರಣಕ್ಕೋ, ಅಥವಾ ಹಳೆಯ ಕೋಚ್ ಉಳಿದಿದ್ದರೂ ಸುಧಾರಿಸುತ್ತಿತ್ತೋ? ಇದನ್ನು ಪರೀಕ್ಷಿಸಲು ಒಂದು ತಂಡದ ಕಥೆ ಸಾಲದು. ನೂರಾರು ತಂಡಗಳು, ಹಲವು ವರ್ಷಗಳ ಫಲಿತಾಂಶ, ಪದೇಪದೇ ಕೆಲಸ ಕಳೆದುಕೊಳ್ಳುವ ಕೋಚ್‌ಗಳು ಬೇಕು. ಇವೆಲ್ಲವೂ ಒಟ್ಟಿಗೆ ಸಿಗುವ ಜಾಗ ಅಮೆರಿಕದ ಕಾಲೇಜು ಫುಟ್‌ಬಾಲ್.

ಮೊದಲು ಆಟದ ಪರಿಚಯ. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಕಾಲಿನಲ್ಲಿ ಒದೆಯುವ ಆಟಕ್ಕಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ ಅದು. ಅದರ ಕಾಲೇಜು ಪಂದ್ಯಗಳು ನಮ್ಮ ಅಂತರ ಕಾಲೇಜು ಪಂದ್ಯಗಳಂತೆ ಮರದ ನೆರಳಿನಲ್ಲಿ ನಿಂತು ನೋಡುವಂಥವಲ್ಲ. ದೊಡ್ಡ ವಿಶ್ವವಿದ್ಯಾಲಯಗಳ ಸ್ಟೇಡಿಯಂಗಳಲ್ಲಿ ಲಕ್ಷ ಜನ ಕೂರುತ್ತಾರೆ. ಅತ್ಯುನ್ನತ ಮಟ್ಟದಲ್ಲಿ ಆಡುವ ವಿಶ್ವವಿದ್ಯಾಲಯಗಳೇ 130ಕ್ಕೂ ಹೆಚ್ಚು. ಹಲವು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಎಂದರೆ ರಾಜ್ಯಪಾಲರೂ ಅಲ್ಲ, ಕುಲಪತಿಯೂ ಅಲ್ಲ, ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್. ಆದರೆ ಮೈದಾನಕ್ಕೆ ಇಳಿಯುವವರು ಹೆಚ್ಚಾಗಿ 18ರಿಂದ 22 ವರ್ಷದ ವಿದ್ಯಾರ್ಥಿಗಳು.

ಒಂದು ಸೀಸನ್‌ನಲ್ಲಿ ತಂಡಕ್ಕೆ ಸಿಗುವುದು ಸುಮಾರು 12 ಪಂದ್ಯ. ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚಾದರೆ ಅದು ‘ಸೋಲಿನ ಸೀಸನ್’. ಈ 12 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ.

ನಾಣ್ಯಕ್ಕೂ ಸೋಲಿನ ಸೀಸನ್ ಬರುತ್ತದೆ

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇವೆ. ಒಂದು ರೂಪಾಯಿ ನಾಣ್ಯವನ್ನು 12 ಸಲ ಚಿಮ್ಮಿಸಿ. ಹೆಡ್ ಬಿದ್ದರೆ ಗೆಲುವು, ಟೇಲ್ ಬಿದ್ದರೆ ಸೋಲು. ಸರಾಸರಿ ಆರು ಗೆಲುವು ಬರಬೇಕು. ಆದರೆ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಗೆಲುವು ಬರುವ ಸಾಧ್ಯತೆ ಎಷ್ಟು ಗೊತ್ತೇ? ಸುಮಾರು ಶೇ 19. ಅಂದರೆ ಐದು ಸಲ ಆಡಿದರೆ ಒಂದು ಸಲ ನಿಮ್ಮ ನಾಣ್ಯಕ್ಕೆ ಹೀನಾಯ ಸೀಸನ್.

ಈಗ 130 ಜನರಿಗೆ ಒಂದೊಂದು ನಾಣ್ಯ ಕೊಟ್ಟು 12 ಸಲ ಚಿಮ್ಮಿಸಲು ಹೇಳಿ. ಸುಮಾರು 25 ನಾಣ್ಯಗಳು ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಗೆಲುವಿನಲ್ಲಿ ಸೀಸನ್ ಮುಗಿಸುತ್ತವೆ. ಆ 25 ನಾಣ್ಯಗಳನ್ನು ಪಕ್ಕಕ್ಕೆ ಇಟ್ಟು, ಪ್ರತಿಯೊಂದಕ್ಕೂ ಹೊಸ ಕೋಚ್ ನೇಮಿಸಿ. ಕೋಚ್ ಬಂದು ನಾಣ್ಯಕ್ಕೆ ಹುರುಪಿನ ಮಾತು ಹೇಳಲಿ. ಮತ್ತೆ 12 ಸಲ ಚಿಮ್ಮಿಸಿ. ಈ ಸಲ ಆ 25 ನಾಣ್ಯಗಳ ಸರಾಸರಿ ಗೆಲುವು ಆರರ ಹತ್ತಿರಕ್ಕೆ ಬಂದಿರುತ್ತದೆ! ನಾಲ್ಕೂ ದಾಟದವು ಆರಕ್ಕೆ ಏರಿವೆ. ಕೋಚ್‌ಗೆ ಹಾರ ಹಾಕೋಣವೇ?

ನಾಣ್ಯಕ್ಕೆ ಏನೂ ಆಗಿಲ್ಲ. ಮೊದಲ ಸಲ ಅದೃಷ್ಟ ಕೈಕೊಟ್ಟ ನಾಣ್ಯಗಳನ್ನೇ ನಾವು ಆರಿಸಿಕೊಂಡಿದ್ದೆವು, ಎರಡನೇ ಸಲ ಅವು ತಮ್ಮ ಮಾಮೂಲಿ ಸ್ಥಿತಿಗೆ ಮರಳಿದವು. ಸಂಖ್ಯಾಶಾಸ್ತ್ರದಲ್ಲಿ ಇದನ್ನು ‘ಸರಾಸರಿಯ ಕಡೆಗೆ ಮರಳುವಿಕೆ’ ಎನ್ನುತ್ತಾರೆ. ಬ್ರಿಟನ್ನಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಅಳೆದು ಇದನ್ನು ತೋರಿಸಿದ್ದರು. ತುಂಬಾ ಎತ್ತರದ ದಂಪತಿಯ ಮಕ್ಕಳು ಎತ್ತರವಾಗಿಯೇ ಇರುತ್ತಾರೆ, ಆದರೆ ಸಾಮಾನ್ಯವಾಗಿ ಅಪ್ಪ ಅಮ್ಮನಷ್ಟು ಅಲ್ಲ. ತುಂಬಾ ಕುಳ್ಳಗಿನವರ ಮಕ್ಕಳದೂ ಇದೇ ಕಥೆ, ದಿಕ್ಕು ಮಾತ್ರ ಉಲ್ಟಾ.

ಫುಟ್‌ಬಾಲ್ ತಂಡ ನಾಣ್ಯವಲ್ಲ, ನಿಜ. ಅಲ್ಲಿ ಪ್ರತಿಭೆ ಇದೆ, ತರಬೇತಿ ಇದೆ, ತಂತ್ರ ಇದೆ. ಆದರೆ ಅದೃಷ್ಟದ ಪಾಲೂ ಸಣ್ಣದಲ್ಲ. ಆ ಮೊಟ್ಟೆಯಾಕಾರದ ಚೆಂಡು ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೆ ಎಂದು ಯಾರೂ ಹೇಳಲಾರರು. ಮುಖ್ಯ ಎಸೆತಗಾರನ ಮೊಣಕಾಲು ಎರಡನೇ ಪಂದ್ಯದಲ್ಲೇ ಉಳುಕಬಹುದು. ಮೂರು ಪಂದ್ಯಗಳನ್ನು ಎರಡೆರಡು ಅಂಕದಲ್ಲಿ ಸೋಲಬಹುದು. 12 ಪಂದ್ಯಗಳ ಸೀಸನ್‌ನಲ್ಲಿ ಇಂಥ ಮೂರು ಫಲಿತಾಂಶ ತಿರುಗಿದರೆ 4 ಗೆಲುವಿನ ತಂಡ 7 ಗೆಲುವಿನ ತಂಡವಾಗುತ್ತದೆ. ನೂರು ಪಂದ್ಯಗಳ ಸೀಸನ್ ಇದ್ದಿದ್ದರೆ ಇಂಥ ಏರಿಳಿತಗಳು ಒಂದಕ್ಕೊಂದು ವಜಾ ಆಗುತ್ತಿದ್ದವು.

ಕೋಚ್‌ನನ್ನು ಯಾವಾಗ ತೆಗೆಯುತ್ತಾರೆ ಎಂದು ಯೋಚಿಸಿ. 9 ಪಂದ್ಯ ಗೆದ್ದ ವರ್ಷ ಅಲ್ಲ, 3 ಗೆದ್ದ ವರ್ಷ. ಬದಲಾವಣೆ ನಡೆಯುವುದೇ ತಂಡ ತಳ ಮುಟ್ಟಿದಾಗ. ತಳದಿಂದ ಮುಂದಿನ ದಾರಿ ಬಹುಪಾಲು ಮೇಲಕ್ಕೇ ಇರುತ್ತದೆ, ಯಾರು ಬಂದರೂ, ಯಾರೂ ಬರದಿದ್ದರೂ.

ನೆಗಡಿಯ ಕಷಾಯ, ವಿಮಾನದ ಬೈಗುಳ

ನಮ್ಮ ಹಳೆಯ ಓದುಗರಿಗೆ ಈ ಲೆಕ್ಕ ಎಲ್ಲೋ ಓದಿದಂತೆ ಅನ್ನಿಸಬಹುದು. ನೆಗಡಿ ಶುರುವಾದ ದಿನ ಯಾರೂ ಕಷಾಯ ಕಾಯಿಸುವುದಿಲ್ಲ. ಮೂರನೇ ದಿನ ಮೂಗು ಕಟ್ಟಿ, ತಲೆ ಸಿಡಿಯತೊಡಗಿದಾಗ ಅಜ್ಜಿ ಮೆಣಸು, ಶುಂಠಿ ಹಾಕಿ ಕುದಿಸುತ್ತಾರೆ. ಐದನೇ ದಿನ ಹಗುರ ಅನ್ನಿಸುತ್ತದೆ. ಸಾಮಾನ್ಯ ನೆಗಡಿ ಹೆಚ್ಚಿನವರಿಗೆ ವಾರ, ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ, ಆದರೆ ಶ್ರೇಯಸ್ಸು ಕಷಾಯಕ್ಕೆ. (ಕಷಾಯ ಕುಡಿಯಬೇಡಿ ಎನ್ನುತ್ತಿಲ್ಲ. ಗಂಟಲಿಗೆ ಹಿತ, ರುಚಿಯೂ ಚೆನ್ನ.) ಮಂಡಿನೋವು ಅತಿಯಾದ ದಿನ ಎಣ್ಣೆ ತರಿಸುತ್ತೇವೆ, ಮರುವಾರ ನೋವು ಇಳಿದರೆ ಎಣ್ಣೆಯ ವಿಡಿಯೊ ಶೇರ್ ಮಾಡುತ್ತೇವೆ. ಔಷಧಿಯ ಪರೀಕ್ಷೆಗಳಲ್ಲಿ ಔಷಧಿ ಪಡೆಯದ ಇನ್ನೊಂದು ಗುಂಪನ್ನು ಇಟ್ಟುಕೊಳ್ಳುವ ಕಾರಣಗಳಲ್ಲಿ ಇದೂ ಒಂದು. ತಾನೇ ಇಳಿಯುವ ನೋವಿನ ಲೆಕ್ಕವನ್ನು ಕಳೆಯದೆ ಔಷಧಿಯ ಲೆಕ್ಕ ಸಿಗುವುದಿಲ್ಲ.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಹೇಳುತ್ತಿದ್ದ ಪ್ರಸಂಗವೊಂದಿದೆ. ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಅವರು ಹೊಗಳಿಕೆಯ ಮಹತ್ವ ವಿವರಿಸುತ್ತಿದ್ದಾಗ ಒಬ್ಬ ಹಿರಿಯ ತರಬೇತುದಾರ ಎದ್ದು ನಿಂತು ಆಕ್ಷೇಪಿಸಿದರು. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ ಎಂಬುದು ಅವರ ಅನುಭವ. ಅನುಭವ ಸುಳ್ಳಲ್ಲ, ಅರ್ಥ ಮಾಡಿಕೊಂಡದ್ದು ತಪ್ಪು. ಅಸಾಧಾರಣವಾಗಿ ಹಾರಿಸಿದ ಮೇಲೆ ಸಾಧಾರಣ ಹಾರಾಟ ಬರುತ್ತದೆ, ತೀರಾ ಕೆಟ್ಟದ್ದರ ಮೇಲೂ ಸಾಧಾರಣವೇ ಬರುತ್ತದೆ. ನಡುವೆ ಬಂದ ಹೊಗಳಿಕೆ, ಬೈಗುಳಕ್ಕೆ ಅದರಲ್ಲಿ ಪಾತ್ರ ಇರಲೇಬೇಕೆಂದಿಲ್ಲ. ಬೆತ್ತದಿಂದಲೇ ಮಕ್ಕಳು ಕಲಿಯುತ್ತಾರೆ ಎಂದು ಇಂದಿಗೂ ವಾದಿಸುವವರ ನಂಬಿಕೆಯ ಬೇರು ಎಲ್ಲಿದೆ ಎಂಬುದಕ್ಕೆ ನಮಗೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ.

ಹಾಗಾದರೆ ಸಂಶೋಧನೆ ಏನು ಹೇಳುತ್ತದೆ?

ಕೋಚ್ ಬದಲಾವಣೆಯ ನಿಜವಾದ ಪರಿಣಾಮ ತಿಳಿಯಬೇಕಾದರೆ ಅದೇ ಸ್ಥಿತಿಯಲ್ಲಿದ್ದೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಆಡ್ಲರ್, ಬೆರ್ರಿ ಮತ್ತು ಡೊಹರ್ಟಿ ಎಂಬ ಮೂವರು ಸಂಶೋಧಕರು ಇದನ್ನೇ ಮಾಡಿದರು. 1997ರಿಂದ 2010ರವರೆಗಿನ ಕಾಲೇಜು ಫುಟ್‌ಬಾಲ್ ದತ್ತಾಂಶ ತೆಗೆದುಕೊಂಡು, ಕೋಚ್ ಬದಲಾಯಿಸಿದ ತಂಡಗಳನ್ನು ಅವುಗಳಂತೆಯೇ ಆಡುತ್ತಿದ್ದ, ಆದರೆ ಕೋಚ್ ಬದಲಾಯಿಸದ ತಂಡಗಳ ಜೊತೆ ಹೋಲಿಸಿದರು. ಅವರ ಪ್ರಬಂಧ ‘ಸೋಶಿಯಲ್ ಸೈನ್ಸ್ ಕ್ವಾರ್ಟರ್ಲಿ’ ಪತ್ರಿಕೆಯಲ್ಲಿ 2013ರಲ್ಲಿ ಪ್ರಕಟವಾಯಿತು.

ತೀರಾ ಕೆಟ್ಟದಾಗಿ ಆಡುತ್ತಿದ್ದ ತಂಡಗಳಲ್ಲಿ ಕೋಚ್ ಬದಲಾದರೂ, ಬದಲಾಗದಿದ್ದರೂ ಮುಂದಿನ ವರ್ಷಗಳ ಫಲಿತಾಂಶದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮಧ್ಯಮ ದರ್ಜೆಯ ತಂಡಗಳಲ್ಲಿ ಇನ್ನೂ ವಿಚಿತ್ರ. ಅಲ್ಲಿ ಕೋಚ್ ಬದಲಾಯಿಸಿದವರು ಉಳಿಸಿಕೊಂಡವರಿಗಿಂತ ಕೆಟ್ಟದಾಗಿ ಆಡಿದರು.

ಕಾಲಿನಲ್ಲಿ ಒದೆಯುವ ಫುಟ್‌ಬಾಲ್‌ನಲ್ಲೂ ಇಂಥದ್ದೇ ಅಧ್ಯಯನ ನಡೆದಿದೆ. ನೆದರ್ಲೆಂಡ್ಸಿನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೇಲ್ ತಮ್ಮ ದೇಶದ ಲೀಗ್‌ನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ನೋಡಿದರು. ಮ್ಯಾನೇಜರ್‌ನನ್ನು ತೆಗೆದ ಮೇಲೆ ತಂಡಗಳು ಸುಧಾರಿಸಿದ್ದು ನಿಜ. ಆದರೆ ಅಷ್ಟೇ ಕೆಳಗೆ ಬಿದ್ದು, ಮ್ಯಾನೇಜರ್‌ನನ್ನು ತೆಗೆಯದ ತಂಡಗಳೂ ಹಾಗೆಯೇ ಸುಧಾರಿಸಿದ್ದವು.

ಇಲ್ಲಿ ಒಂದು ಎಚ್ಚರಿಕೆ. ಇವು ಪ್ರಯೋಗಾಲಯದ ಪರೀಕ್ಷೆಗಳಲ್ಲ. ಯಾವ ವಿಶ್ವವಿದ್ಯಾಲಯವೂ ನಾಣ್ಯ ಚಿಮ್ಮಿಸಿ ಕೋಚ್‌ನನ್ನು ತೆಗೆಯುವುದಿಲ್ಲ. ಒಳಜಗಳದಂಥ, ಅಂಕಿಅಂಶದಲ್ಲಿ ಕಾಣದ ಕಾರಣಗಳು ಇದ್ದೇ ಇರುತ್ತವೆ. ಜೊತೆಗೆ ‘ಸರಾಸರಿಯಲ್ಲಿ ವ್ಯತ್ಯಾಸ ಇಲ್ಲ’ ಎಂದರೆ ‘ಯಾವ ಕೋಚ್‌ನಿಂದಲೂ ಏನೂ ಆಗದು’ ಎಂದಲ್ಲ. ಕೆಲವರಿಂದ ಲಾಭವಾಗಿ, ಕೆಲವರಿಂದ ನಷ್ಟವಾಗಿ, ಒಟ್ಟು ಲೆಕ್ಕ ಸೊನ್ನೆಯ ಹತ್ತಿರ ಬಂದಿರಬಹುದು.

ಮೊದಲು ಹೇಳಿದ್ದ ಹೆಸರು ಈಗ. ಇಂಡಿಯಾನಾ ವಿಶ್ವವಿದ್ಯಾಲಯ 2023ರಲ್ಲಿ 12ರಲ್ಲಿ 3 ಪಂದ್ಯ ಮಾತ್ರ ಗೆದ್ದಿತ್ತು. ಕರ್ಟ್ ಸಿಗ್ನೆಟಿ ಕೋಚ್ ಆಗಿ ಬಂದರು. 2024ರಲ್ಲಿ 11 ಗೆಲುವು, 2 ಸೋಲು. ನಾಣ್ಯದ ಲೆಕ್ಕದಿಂದ ಇದನ್ನು ವಿವರಿಸಲು ನಾವೂ ಹೋಗುವುದಿಲ್ಲ. ಆದರೆ ಫಾರ್ವರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರದ ಒಂದು ವಿಷಯವಿದೆ. ಸಿಗ್ನೆಟಿ ಬಂದದ್ದು ಬರೀ ಹುರುಪಿನ ಮಾತಿನೊಂದಿಗೆ ಅಲ್ಲ. ತಾವು ಹಿಂದೆ ಇದ್ದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದ ಹತ್ತಕ್ಕೂ ಹೆಚ್ಚು ಆಟಗಾರರನ್ನು, ಜೊತೆಗೆ ಬೇರೆ ಕಾಲೇಜುಗಳಿಂದಲೂ ಹಲವರನ್ನು ಕರೆತಂದರು. ಆಟಗಾರರು ಕಾಲೇಜು ಬದಲಾಯಿಸುವ ನಿಯಮ ಇತ್ತೀಚಿನ ವರ್ಷಗಳಲ್ಲಿ ಸಡಿಲವಾಗಿದ್ದರಿಂದ ಇದು ಸಾಧ್ಯವಾಯಿತು. ಬೋರ್ಡಿನ ಮೇಲಿನ ಹೆಸರು ಅದೇ, ಮೈದಾನದಲ್ಲಿದ್ದ ತಂಡ ಬಹುಪಾಲು ಬೇರೆ.

44 ಸೋಲು, ಮೂವರು ಕೋಚ್‌ಗಳು

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹೆಸರು ಕೇಳದವರು ಕಡಿಮೆ. ಡಾ. ಬಿ.ಆರ್. ಅಂಬೇಡ್ಕರ್ ಓದಿದ್ದು ಅಲ್ಲೇ. ಅದರ ಫುಟ್‌ಬಾಲ್ ತಂಡ 1983ರಿಂದ 1988ರ ನಡುವೆ ಸತತ 44 ಪಂದ್ಯ ಸೋತಿತು. 1984, 85, 86, 87, ನಾಲ್ಕು ಇಡೀ ಸೀಸನ್‌ಗಳಲ್ಲಿ ಒಂದೂ ಗೆಲುವಿಲ್ಲ.

ಈ ಅವಧಿಯಲ್ಲಿ ಕೋಚ್ ಬದಲಾಗಲಿಲ್ಲವೇ? ಎರಡು ಸಲ ಬದಲಾದರು. 1984ರ ನಂತರ ಬಾಬ್ ನಾಸೊ ಹೋಗಿ ಜಿಮ್ ಗ್ಯಾರೆಟ್ ಬಂದರು. ಗ್ಯಾರೆಟ್ 1985ರ ಮೊದಲ ಪಂದ್ಯದಲ್ಲಿ ಹಾರ್ವರ್ಡ್ ವಿರುದ್ಧ ಸೋತ ಮೇಲೆ ತಮ್ಮದೇ ಆಟಗಾರರನ್ನು ಪತ್ರಕರ್ತರೆದುರು ಹೀಗಳೆದರು. ಆ ಪಂದ್ಯದಲ್ಲಿ ಕೊಲಂಬಿಯಾ 17-0 ಮುನ್ನಡೆಯಲ್ಲಿತ್ತು, ಕೊನೆಗೆ 49-17ರಿಂದ ಸೋತಿತು, ಆದ್ದರಿಂದ ಸಿಟ್ಟು ಬಂದದ್ದು ಸಹಜ. ಆದರೆ ಬೈಗುಳದಿಂದ ತಂಡ ಎಚ್ಚೆತ್ತುಕೊಳ್ಳಲಿಲ್ಲ. ಹತ್ತಕ್ಕೆ ಹತ್ತೂ ಸೋತರು, ಗ್ಯಾರೆಟ್ ಒಂದೇ ಸೀಸನ್‌ಗೆ ಹೊರಟುಹೋದರು. ನಂತರ ಬಂದ ಲ್ಯಾರಿ ಮ್ಯಾಕ್‌ಎಲ್ರೀವಿ ಕೂಡ ಮೊದಲ ಎರಡು ಸೀಸನ್‌ಗಳ 20 ಪಂದ್ಯಗಳನ್ನೂ ಸೋತರು.

ನಮ್ಮ ಕಡೆಯಾಗಿದ್ದರೆ ಇಷ್ಟು ಹೊತ್ತಿಗೆ ಸ್ಟೇಡಿಯಂನ ವಾಸ್ತು ನೋಡಿಸುತ್ತಿದ್ದರು. ಅದಕ್ಕೆ ಸರಿಯಾದ ಕುರುಹೂ ಇತ್ತು. 1984ರಲ್ಲಿ ಹೊಸ ಸ್ಟೇಡಿಯಂ ಆಯಿತು, ಆ ವರ್ಷದಿಂದಲೇ ನಾಲ್ಕು ಸೀಸನ್ ಅಲ್ಲಿ ಗೆಲುವೆಂಬುದೇ ಇಲ್ಲ! ಆದರೆ ಸೋಲಿನ ಸರಣಿ ಶುರುವಾಗಿದ್ದು ಅದಕ್ಕೂ ಮುಂಚೆ, 1983ರಲ್ಲಿ. ಮುಗಿದದ್ದು 1988ರ ಅಕ್ಟೋಬರ್ 8ರಂದು, ಅದೇ ಸ್ಟೇಡಿಯಂನಲ್ಲಿ, ಯಾವ ಬಾಗಿಲನ್ನೂ ಸರಿಸದೆ. ಕೊಲಂಬಿಯಾ 16, ಪ್ರಿನ್ಸ್‌ಟನ್ 13.

ಅಂದು ಸೋತ ಪ್ರಿನ್ಸ್‌ಟನ್ ತಂಡದ ಮುಖ್ಯ ಎಸೆತಗಾರ ಜೇಸನ್ ಗ್ಯಾರೆಟ್. ಹೌದು, ಕೊಲಂಬಿಯಾ ಬಿಟ್ಟುಹೋದ ಅದೇ ಕೋಚ್‌ನ ಮಗ. ಅಪ್ಪ ಹೋದ ಮೇಲೆ ಮಗನೂ ಕಾಲೇಜು ಬದಲಾಯಿಸಿದ್ದ. ಈ ಕಾಕತಾಳೀಯದ ಮೇಲೆ ‘ಕರ್ಮ’ ಎಂಬ ತಲೆಬರಹದ ಫಾರ್ವರ್ಡ್ ಮಾಡಲು ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅದೇ ಜೇಸನ್ ಮುಂದೆ ಡಲ್ಲಾಸ್ ಕೌಬಾಯ್ಸ್ ಎಂಬ ಹೆಸರಾಂತ ವೃತ್ತಿಪರ ತಂಡದ ಮುಖ್ಯ ಕೋಚ್ ಆದರು ಎಂಬುದನ್ನು ಸೇರಿಸಿದರೆ ಕರ್ಮದ ಕಥೆ ಅಲ್ಲಿಗೆ ನಿಲ್ಲುತ್ತದೆ.

ಇಲ್ಲೇ ಒಂದು ಮಾತು. ನಮ್ಮ ಆರ್‌ಸಿಬಿ 2024ರಲ್ಲಿ ಹೆಸರಿನ ‘ಬ್ಯಾಂಗಲೋರ್’ ತೆಗೆದು ‘ಬೆಂಗಳೂರು’ ಮಾಡಿಕೊಂಡಿತು, 2025ರಲ್ಲಿ ಕಪ್ ಬಂತು. ಕನ್ನಡದ ಹೆಸರು ನಮಗೂ ಹೆಚ್ಚು ಇಷ್ಟ. ಆದರೂ ಎರಡನ್ನು ಗಂಟುಹಾಕಿ ಒಂದು ಫಾರ್ವರ್ಡ್ ತಯಾರಿಸಲು ಎರಡು ನಿಮಿಷ ಸಾಕು ಎಂಬುದನ್ನು ಗಮನಿಸಿ.

ಕಾದರೂ ಗೆಲುವು ಬರುತ್ತದೆಂದು ಹೇಳಬಹುದೇ?

ಕೋಚ್ ಬದಲಾಯಿಸಿ ಪ್ರಯೋಜನವಿಲ್ಲ, ಹಾಗಾದರೆ ತಾಳ್ಮೆಯೇ ಮದ್ದು ಎಂಬ ತದ್ವಿರುದ್ಧ ಸಂದೇಶವೂ ಓಡಾಡುತ್ತದೆ. ಅದಕ್ಕೆ ಹೇಳಿ ಮಾಡಿಸಿದ ಉದಾಹರಣೆ ಷಿಕಾಗೊ ಸಮೀಪದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ. 1979ರಿಂದ 1982ರವರೆಗೆ ಈ ತಂಡ ಸತತ 34 ಪಂದ್ಯ ಸೋತಿತು. 1982ರ ಸೆಪ್ಟೆಂಬರ್ 25ರಂದು ನಾರ್ದರ್ನ್ ಇಲಿನಾಯ್ ತಂಡವನ್ನು 31-6ರಿಂದ ಸೋಲಿಸಿದಾಗ ವಿದ್ಯಾರ್ಥಿಗಳು ಗೋಲ್‌ಪೋಸ್ಟ್ ಕಿತ್ತು ಹೊತ್ತೊಯ್ದು ಮಿಷಿಗನ್ ಸರೋವರಕ್ಕೆ ಎಸೆದರು. ಆ ಸೀಸನ್‌ನಲ್ಲಿ ತಂಡ ಗೆದ್ದದ್ದು ಒಟ್ಟು 3, ಸೋತದ್ದು 8. ಅಷ್ಟಕ್ಕೇ ಕೋಚ್ ಡೆನ್ನಿಸ್ ಗ್ರೀನ್ ಅವರಿಗೆ ಆ ಲೀಗ್‌ನ ವರ್ಷದ ಕೋಚ್ ಪ್ರಶಸ್ತಿ ಸಿಕ್ಕಿತು. ತಳದಿಂದ ಒಂದು ಮೆಟ್ಟಿಲು ಮೇಲೆ ಬಂದರೂ ಪವಾಡದಂತೆ ಕಾಣುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1992ರಲ್ಲಿ ಅಲ್ಲಿಗೆ ಗ್ಯಾರಿ ಬಾರ್ನೆಟ್ ಬಂದರು. ಮೊದಲ ವರ್ಷ 3 ಗೆಲುವು, ಎರಡನೇ ವರ್ಷ 2, ಮೂರನೇ ವರ್ಷ ಮತ್ತೆ 3. ಮೂರೂ ಸೋಲಿನ ಸೀಸನ್‌ಗಳು, ಆದರೂ ಅವರನ್ನು ತೆಗೆಯಲಿಲ್ಲ. 1995ರಲ್ಲಿ 10 ಗೆಲುವು, 2 ಸೋಲು. 1949ರ ನಂತರ ಮೊದಲ ಸಲ ನಾರ್ತ್‌ವೆಸ್ಟರ್ನ್ ಪ್ರತಿಷ್ಠಿತ ರೋಸ್ ಬೌಲ್ ಪಂದ್ಯಕ್ಕೆ ಹೋಯಿತು.

ಸೊಗಸಾದ ಕಥೆ. ಆದರೆ ಹೊಸ ಕೋಚ್‌ನ ಕಥೆಯನ್ನು ಒಪ್ಪದ ನಾವು ಇದನ್ನೂ ಹಾಗೇ ಒಪ್ಪುವಂತಿಲ್ಲ. ಮೂರು ವರ್ಷ ಸೋತು, ಉಳಿಸಿಕೊಂಡು, ನಾಲ್ಕನೇ ವರ್ಷವೂ ಸೋತ ಕೋಚ್‌ಗಳ ಮೇಲೆ ಯಾರೂ ಪುಸ್ತಕ ಬರೆಯುವುದಿಲ್ಲ. ನಮ್ಮ ಫೋನಿಗೆ ತಲುಪುವುದು ಗೆದ್ದವರ ಕಥೆ ಮಾತ್ರ. ‘ಬದಲಾಯಿಸಿ’ ಎನ್ನುವವರೂ ‘ಕಾಯಿರಿ’ ಎನ್ನುವವರೂ ತಮಗೆ ಬೇಕಾದ ತಂಡವನ್ನು ಆರಿಸಿಕೊಳ್ಳುತ್ತಾರೆ, ಸಿಗುವಷ್ಟು ತಂಡಗಳು ಇಬ್ಬರಿಗೂ ಇವೆ.

80 ಸೋಲುಗಳ ಹಿಂದಿನ ಕಾರಣ

ಎಲ್ಲ ಸೋಲಿನ ಸೀಸನ್‌ಗಳೂ ನಾಣ್ಯದ ಆಟವಲ್ಲ. ಒಂದು ಸೀಸನ್‌ನ ಎಂಟು ಸೋಲಿಗೆ ದುರದೃಷ್ಟದ ಪಾಲು ಕೊಡಬಹುದು. ಸತತ 80 ಸೋಲಿಗೆ ಕೊಡಲಾಗದು. ಆ ದಾಖಲೆ ಇರುವುದು ಟೆಕ್ಸಸ್ ರಾಜ್ಯದ ಪ್ರೇರಿ ವ್ಯೂ ಎ ಆಂಡ್ ಎಂ ವಿಶ್ವವಿದ್ಯಾಲಯದ ಹೆಸರಿನಲ್ಲಿ.

1876ರಲ್ಲಿ ಕಪ್ಪು ಜನರಿಗಾಗಿ ಸ್ಥಾಪನೆಯಾದ ಸಂಸ್ಥೆ ಇದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವರ್ಣಭೇದದ ಕಾನೂನು ಇದ್ದಾಗ ಕಪ್ಪು ಹುಡುಗರಿಗೆ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತ್ತು, ಪ್ರತಿಭಾವಂತ ಆಟಗಾರರು ಇಂಥ ಕಾಲೇಜುಗಳಿಗೇ ಬರುತ್ತಿದ್ದರು. ಕೋಚ್ ಬಿಲ್ಲಿ ನಿಕ್ಸ್ ಕಾಲದಲ್ಲಿ, 1953ರಿಂದ 1964ರ ನಡುವೆ, ಪ್ರೇರಿ ವ್ಯೂ ಐದು ಸಲ ಕಪ್ಪು ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಮುಂದೆ ವೃತ್ತಿಪರ ಫುಟ್‌ಬಾಲ್‌ನ ‘ಹಾಲ್ ಆಫ್ ಫೇಮ್’ ಸೇರಿದ ಕೆನ್ ಹ್ಯೂಸ್ಟನ್ ಇಲ್ಲಿಯ ವಿದ್ಯಾರ್ಥಿ. ಆ ಬಾಗಿಲುಗಳು ತೆರೆದಾಗ, ತೆರೆಯಲೇಬೇಕಿತ್ತು, ದೊಡ್ಡ ವಿಶ್ವವಿದ್ಯಾಲಯಗಳು ಹಣ, ಸೌಲಭ್ಯ, ಟಿವಿ ಪ್ರಸಾರದ ಆಕರ್ಷಣೆಯೊಂದಿಗೆ ಅದೇ ಹುಡುಗರನ್ನು ಸೆಳೆದುಕೊಂಡವು. ನ್ಯಾಯದ ಒಂದು ಹೆಜ್ಜೆಯ ಬೆಲೆಯನ್ನು ಸಣ್ಣ ಕಪ್ಪು ಕಾಲೇಜುಗಳ ತಂಡಗಳು ತೆತ್ತವು. ಇದನ್ನು ಯಾವ ಕೋಚ್‌ನ ತಪ್ಪು ಎನ್ನೋಣ?

ಅದರ ಮೇಲೆ ಹಣದ ಮುಗ್ಗಟ್ಟು. 1990ರಲ್ಲಿ ಪ್ರೇರಿ ವ್ಯೂ ಫುಟ್‌ಬಾಲ್ ತಂಡವನ್ನೇ ಒಂದು ವರ್ಷ ನಿಲ್ಲಿಸಿತು. 1991ರಲ್ಲಿ ತಂಡ ಮರಳಿದಾಗ ಫುಟ್‌ಬಾಲ್ ಸ್ಕಾಲರ್‌ಶಿಪ್ ಇರಲಿಲ್ಲ. ಸ್ಕಾಲರ್‌ಶಿಪ್ ಎಂದರೆ ಫೀಸು, ಹಾಸ್ಟೆಲ್, ಊಟ ಎಲ್ಲವನ್ನೂ ಕಾಲೇಜು ಭರಿಸುವುದು. ಅದೇ ಮಟ್ಟದ ಎದುರಾಳಿಗಳಿಗೆ ನಿಯಮದ ಪ್ರಕಾರ 60ಕ್ಕೂ ಹೆಚ್ಚು ಸ್ಕಾಲರ್‌ಶಿಪ್ ಕೊಡುವ ಅವಕಾಶವಿತ್ತು. ಒಂದು ಕಡೆ ಆಯ್ದು, ಖರ್ಚು ಕೊಟ್ಟು ಕರೆಸಿಕೊಂಡ ಆಟಗಾರರು, ಇನ್ನೊಂದು ಕಡೆ ಕ್ಯಾಂಪಸ್‌ನಲ್ಲಿ ಆಸಕ್ತಿಯಿಂದ ಬಂದು ಸೇರಿದ ವಿದ್ಯಾರ್ಥಿಗಳು. 1991ರ 11 ಪಂದ್ಯಗಳಲ್ಲಿ ಪ್ರೇರಿ ವ್ಯೂ ಗಳಿಸಿದ್ದು 48 ಅಂಕ, ಬಿಟ್ಟುಕೊಟ್ಟದ್ದು 617. ಇದು ಅಮೆರಿಕನ್ ಫುಟ್‌ಬಾಲ್, ದೇಹಕ್ಕೆ ದೇಹ ಡಿಕ್ಕಿ ಹೊಡೆಯುವ ಆಟ. ಅಂಥ ಆಟದಲ್ಲಿ 617 ಅಂಕ ಎಂದರೆ ಎಷ್ಟು ಏಟು ಎಂಬುದನ್ನೂ ಊಹಿಸಿಕೊಳ್ಳಿ.

ಆ ಒಂಬತ್ತು ವರ್ಷಗಳಲ್ಲಿ ಕೋಚ್‌ಗಳು ಬಂದರು, ಹೋದರು. ಹುರುಪಿನ ಭಾಷಣಗಳಿಗೂ ಕೊರತೆ ಇದ್ದಿರಲಾರದು. ಮಧ್ಯಂತರದಲ್ಲಿ ನುಡಿಸುವ ಕಾಲೇಜಿನ ಬ್ಯಾಂಡ್ ತಂಡಕ್ಕೇ ಹೆಚ್ಚು ಹೆಸರಿತ್ತು. ಕೊನೆಗೆ 1998ರ ಸೆಪ್ಟೆಂಬರ್ 26ರಂದು ಓಕ್ಲಹೋಮಾ ಸಿಟಿಯಲ್ಲಿ ಲ್ಯಾಂಗ್‌ಸ್ಟನ್ ವಿಶ್ವವಿದ್ಯಾಲಯದ ವಿರುದ್ಧ 14-12ರಿಂದ ಗೆದ್ದರು. ಆ 80 ಪಂದ್ಯಗಳಲ್ಲಿ ಆಡಿದ ಹುಡುಗರಲ್ಲಿ ಹಲವರು ಒಂದೂ ಗೆಲುವು ಕಾಣದೆ ಪದವಿ ಮುಗಿಸಿ ಹೋಗಿದ್ದರು. ಮುಂದೆ ಸ್ಕಾಲರ್‌ಶಿಪ್ ಮರಳಿತು. 2009ರಲ್ಲಿ ಪ್ರೇರಿ ವ್ಯೂ ತನ್ನ ಲೀಗ್‌ನ ಚಾಂಪಿಯನ್ ಆಯಿತು.

ಸೋಲಿನ ಸೀಸನ್‌ಗಳಲ್ಲಿ ಎರಡು ಬಗೆ ಇವೆ ಎಂದು ನಮಗೆ ಅನ್ನಿಸುವುದು ಇದಕ್ಕೇ. ಒಂದು, ಮಾಮೂಲಿ ತಂಡಕ್ಕೆ ಬಂದ ಕೆಟ್ಟ ವರ್ಷ. ಅದು ಬಹುಪಾಲು ತಾನೇ ಸರಿಯಾಗುತ್ತದೆ. ಇನ್ನೊಂದು, ಹಣ, ಆಟಗಾರರು, ಸೌಲಭ್ಯ ಇಲ್ಲದೆ ವರ್ಷಗಟ್ಟಲೆ ನಡೆಯುವ ಸೋಲು. ಅದು ತಾನಾಗಿ ಸರಿಯಾಗುವುದಿಲ್ಲ, ಕೋಚ್‌ನ ಕುರ್ಚಿಯಲ್ಲಿ ಕೂತವರನ್ನು ಬದಲಾಯಿಸಿದ ಮಾತ್ರಕ್ಕೂ ಸರಿಯಾಗುವುದಿಲ್ಲ. ಒಂದೇ ಸೀಸನ್ ನೋಡಿ ಇದು ಯಾವ ಬಗೆ ಎಂದು ಹೇಳುವುದು ಕಷ್ಟ. ಮೂರು ನಾಲ್ಕು ವರ್ಷದ ಫಲಿತಾಂಶ, ಎಷ್ಟು ಪಂದ್ಯ ಕೂದಲೆಳೆಯಲ್ಲಿ ಸೋತರು, ಎದುರಾಳಿಗಳು ಎಷ್ಟು ಖರ್ಚು ಮಾಡುತ್ತಾರೆ, ಇವುಗಳನ್ನು ನೋಡಿದರೆ ಸುಳಿವು ಸಿಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ವಿಶ್ವವಿದ್ಯಾಲಯಗಳು ಕೋಚ್‌ಗಳನ್ನು ಏಕೆ ತೆಗೆಯುತ್ತಲೇ ಇರುತ್ತವೆ? ಸ್ಟೇಡಿಯಂನಲ್ಲಿ ಕುರ್ಚಿ ಖಾಲಿಯಾಗುತ್ತವೆ, ದಾನ ಕೊಡುವ ಹಳೆ ವಿದ್ಯಾರ್ಥಿಗಳು ಮುನಿಯುತ್ತಾರೆ, ಏನಾದರೂ ಮಾಡಿದ್ದೇವೆ ಎಂದು ತೋರಿಸಬೇಕಾಗುತ್ತದೆ. ಎಪ್ಪತ್ತು ಎಂಬತ್ತು ಆಟಗಾರರನ್ನು ಒಂದೇ ದಿನ ಬದಲಾಯಿಸಲಾಗದು, ಒಬ್ಬ ಕೋಚ್‌ನನ್ನು ಬದಲಾಯಿಸಬಹುದು. ಮುಂದಿನ ವರ್ಷ ತಂಡ ಸುಧಾರಿಸಿದರೆ ನಿರ್ಧಾರ ಸರಿ ಎನ್ನುತ್ತಾರೆ. ಸುಧಾರಿಸದಿದ್ದರೆ ಹೊಸ ಕೋಚ್‌ಗೆ ಸಮಯ ಕೊಡಬೇಕು ಎನ್ನುತ್ತಾರೆ. ನಿರ್ಧಾರ ತಪ್ಪು ಎಂದು ಸಾಬೀತಾಗುವ ಸಂದರ್ಭವೇ ಬರುವುದಿಲ್ಲ.

ಟೆಕ್ಸಸ್ ಎ ಆಂಡ್ ಎಂ ವಿಶ್ವವಿದ್ಯಾಲಯ 2022ರಲ್ಲಿ 5 ಗೆದ್ದು 7 ಸೋತಿತು. 2023ರ ನವೆಂಬರ್‌ನಲ್ಲಿ, ಆ ಸೀಸನ್‌ನಲ್ಲಿ 6 ಗೆದ್ದು 4 ಸೋತಿದ್ದಾಗ, ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆಯಿತು. ಒಪ್ಪಂದ ಮುರಿದದ್ದಕ್ಕೆ ಕೊಡಬೇಕಾದ ಮೊತ್ತ ಸುಮಾರು 7.6 ಕೋಟಿ ಡಾಲರ್, ಅಂದಿನ ಲೆಕ್ಕದಲ್ಲಿ 600 ಕೋಟಿ ರೂಪಾಯಿಗೂ ಹೆಚ್ಚು. ಹೊಸ ಕೋಚ್ ಮೈಕ್ ಎಲ್ಕೊ ಬಂದ ಮೇಲೆ 2024ರಲ್ಲಿ 8 ಗೆಲುವು, 5 ಸೋಲು. 2025ರ ನಿಯಮಿತ ಸೀಸನ್‌ನ 12 ಪಂದ್ಯಗಳಲ್ಲಿ 11 ಗೆಲುವು. ಹಾಗಾದರೆ ಬದಲಾವಣೆ ಫಲಿಸಿತೇ? ಫಲಿಸಿರಬಹುದು. ಖಚಿತವಾಗಿ ಹೇಳಲು ಫಿಶರ್ ಅವರನ್ನು ಉಳಿಸಿಕೊಂಡ ಇನ್ನೊಂದು ಟೆಕ್ಸಸ್ ಎ ಆಂಡ್ ಎಂ ಬೇಕು, ಅದು ಎಲ್ಲೂ ಇಲ್ಲ. ಫಿಶರ್ ಅವರಿಗೆ ಕಂತಿನ ಹಣ 2031ರವರೆಗೂ ಹೋಗಬೇಕಿದೆ. ಪ್ರೇರಿ ವ್ಯೂ ಕೂಡ ಇದೇ ಟೆಕ್ಸಸ್ ಎ ಆಂಡ್ ಎಂ ವಿಶ್ವವಿದ್ಯಾಲಯ ಸಮೂಹಕ್ಕೆ ಸೇರಿದ ಸಂಸ್ಥೆ.